ಹುಳು ಸಾಯುವಾಗ ಬರುವ ಫಿಟ್ಸ್

"ಡಾಕ್ಟರೇ, ನಾವು ಮೊಟ್ಟೆಯನ್ನೂ ಮುಟ್ಟದವರು. ನಮ್ಮ ಹುಡುಗನ ತಲೆಗೆ ಹಂದಿಯ ಹುಳು ಹೇಗೆ ಬಂತು?" ಸ್ಕ್ಯಾನ್ ವರದಿ ಹಿಡಿದ ಪೋಷಕರು ಹೀಗೆ ಕೇಳುವುದು ನಮ್ಮ ವಿಭಾಗದಲ್ಲಿ ಹೊಸದೇನಲ್ಲ. ಬೇಯದ ಹಂದಿಮಾಂಸ ತಿಂದವರ ಕರುಳಿನಲ್ಲಿ ಬೆಳೆಯುವುದು ಲಾಡಿಹುಳು. ಅದರ ಮೊಟ್ಟೆಗಳು ಅವರ ಮಲದಲ್ಲಿ ಹೊರಬೀಳುತ್ತವೆ. ಕೊಳಚೆ ನೀರು ಹಾಯಿಸಿದ ಸೊಪ್ಪು, ಶೌಚದ ನಂತರ ಸೋಪು ಕಾಣದ ಕೈ ಇಷ್ಟಿದ್ದರೆ ಸಾಕು, ಅವು ಯಾರ ಹೊಟ್ಟೆಯನ್ನಾದರೂ ಸೇರಬಹುದು. ಅಲ್ಲಿ ಹೊರಬಂದ ಮರಿಗಳು ರಕ್ತದೊಡನೆ ಸಾಗಿ ಮೆದುಳಿನಲ್ಲಿ ಪುಟ್ಟ ಗುಳ್ಳೆಗಳಾಗಿ ನೆಲೆಸುತ್ತವೆ.

ಜೀವಂತ ಗುಳ್ಳೆ ವರ್ಷಗಟ್ಟಲೆ ಸುಮ್ಮನಿರಬಲ್ಲದು. ದೇಹದ ರೋಗನಿರೋಧಕ ವ್ಯವಸ್ಥೆಯನ್ನು ತಣ್ಣಗಿಡುವ ರಾಸಾಯನಿಕಗಳನ್ನು ಅದು ಸ್ರವಿಸುತ್ತದೆ. ಹುಳು ದುರ್ಬಲವಾದಾಗ ಆ ರಕ್ಷಣೆ ಕಳಚುತ್ತದೆ, ನಿರೋಧಕ ಕಣಗಳು ಮುತ್ತುತ್ತವೆ, ಸುತ್ತಲಿನ ಮೆದುಳು ಊದಿಕೊಳ್ಳುತ್ತದೆ. ಎಂಆರ್‌ಐನಲ್ಲಿ ಉಂಗುರದಂತೆ ಕಾಣುವುದು ಈ ಉರಿಯೂತವೇ. ಅದುವರೆಗೆ ಆಡಿಕೊಂಡಿದ್ದ ಮಗುವಿನ ಒಂದು ಕೈ ಅದುರಿ, ಬಾಯಿ ಒಂದು ಕಡೆಗೆ ಎಳೆಯುವುದು ಸಾಮಾನ್ಯವಾಗಿ ಈ ಹಂತದಲ್ಲಿ.

ಉರಿಯೂತದಲ್ಲಿ ಬಿಡುಗಡೆಯಾಗುವ ಇಂಟರ್‌ಲ್ಯೂಕಿನ್-1 ಬೀಟಾದಂಥ ವಸ್ತುಗಳು ನರಕೋಶಗಳನ್ನು ಕೆರಳಿಸುತ್ತವೆ. ರಕ್ತನಾಳಗಳ ಬಿಗಿ ಗೋಡೆ ಸಡಿಲವಾಗಿ, ಒಳಗೆ ಬರಬಾರದ ಪ್ರೋಟೀನುಗಳು ಮೆದುಳಿಗೆ ಸೋರುತ್ತವೆ. ಫಿಟ್ಸ್ ಬಂದರೆ ಉರಿಯೂತ ಮತ್ತೆ ಹೆಚ್ಚುತ್ತದೆ, ಅದರಿಂದ ಮತ್ತೆ ಫಿಟ್ಸ್.

ಆದ್ದರಿಂದಲೇ ಫಿಟ್ಸ್ ತಡೆಯುವ ಔಷಧದ ಜೊತೆ ಸ್ಟೀರಾಯ್ಡ್ ಕೂಡ ಬರೆಯುತ್ತೇವೆ. ಆ ಹೆಸರು ಕೇಳಿದೊಡನೆ ತಾಯಂದಿರ ಮುಖ ಬಾಡುತ್ತದೆ. ಅಮ್ಮಾ, ಅದು ಉರಿಯೂತವನ್ನು ತಗ್ಗಿಸಲು, ಕೆಲವೇ ವಾರಗಳ ಮಟ್ಟಿಗೆ. ಹುಳು ಕೊಲ್ಲುವ ಆಲ್ಬೆಂಡಜೋಲ್ ಕೊಡುವುದಿದ್ದರೆ ಸ್ಟೀರಾಯ್ಡ್ ಮೊದಲು ಶುರುವಾಗಬೇಕು, ಏಕೆಂದರೆ ಹುಳು ಸತ್ತಷ್ಟೂ ಊತ ಏರುತ್ತದೆ. ಮೆದುಳಿನ ತುಂಬ ಗುಳ್ಳೆಗಳಿದ್ದು ವಿಪರೀತ ಊದಿಕೊಂಡಿದ್ದರೆ ಆಲ್ಬೆಂಡಜೋಲ್ ಕೊಡುವುದೇ ಇಲ್ಲ. ಕಣ್ಣಿನೊಳಗೆ ಗುಳ್ಳೆ ಇದೆಯೇ ಎಂದೂ ಮೊದಲೇ ನೋಡಬೇಕು. ಫಿಟ್ಸ್ ಬಂದ ಮಗುವಿಗೆ ಮೆಡಿಕಲ್ ಶಾಪಿನಿಂದ ಹುಳುವಿನ ಮಾತ್ರೆ ತಂದು ಕೊಡಬೇಡಿ ಎಂದು ನಾನು ಕೈಮುಗಿದು ಹೇಳುವುದು ಇದಕ್ಕೇ.

ನಮ್ಮ ದೇಶದ ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ಒಂದೇ ಗುಳ್ಳೆ. ಕ್ಷಯದ ಗಂಟೂ ಸ್ಕ್ಯಾನಿನಲ್ಲಿ ಹೀಗೆಯೇ ಕಾಣಬಹುದು. ಇವೆರಡನ್ನೂ ಬೇರ್ಪಡಿಸಲು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ರೂಪಿಸಿದ ಮಾನದಂಡವನ್ನು ಇಂದಿಗೂ ಬಳಸುತ್ತೇವೆ. ಹುಳುವಿನದೇ ಎನ್ನಲು ಗುಳ್ಳೆ 20 ಮಿಲಿಮೀಟರಿಗಿಂತ ಚಿಕ್ಕದಿರಬೇಕು ಎಂಬುದು ಅದರಲ್ಲೊಂದು.

ಹುಳುವಿಲ್ಲದೆಯೂ ನಿರೋಧಕ ವ್ಯವಸ್ಥೆ ಮೆದುಳಿನ ಮೇಲೆ ತಿರುಗಿಬೀಳುವುದುಂಟು. ನರಕೋಶಗಳ ಮೇಲೆ ಸಂಕೇತ ಹಿಡಿಯುವ ಎನ್‌ಎಂಡಿಎ ಗ್ರಾಹಕಗಳೆಂಬ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಹುಟ್ಟುವ ಮೆದುಳುರಿಯೂತವನ್ನು 2007ರಲ್ಲಿ ಗುರುತಿಸಲಾಯಿತು. ಫಿಟ್ಸಿನ ಜೊತೆ ನಿದ್ದೆಗೆಟ್ಟು, ಮಾತು ನಿಂತು, ಬಾಯಿ ವಿಚಿತ್ರವಾಗಿ ಆಡಿಸುವ ಮಗುವನ್ನು ಗಾಳಿ ಸೋಕಿದೆಯೆಂದು ದಿನಗಳೆಯದೆ ಕರೆತನ್ನಿ. ಬೇಗ ಚಿಕಿತ್ಸೆ ಸಿಕ್ಕಷ್ಟೂ ಚೇತರಿಕೆ ಚೆನ್ನಾಗಿರುತ್ತದೆ.

ಗುಳ್ಳೆ ಕೆಲವೊಮ್ಮೆ ಸುಣ್ಣದ ಚುಕ್ಕೆಯಾಗಿ ಉಳಿದುಬಿಡುತ್ತದೆ. ಅದರ ಸುತ್ತ ವರ್ಷಗಳ ನಂತರವೂ ಊತ ಮರುಕಳಿಸಿ ಫಿಟ್ಸ್ ಬರಬಹುದು. ಆಗ ಬೇಕಿರುವುದು ಮತ್ತೊಂದು ಸ್ಕ್ಯಾನ್. ಚುಕ್ಕೆಯಷ್ಟೇ ಇದ್ದರೆ ಹುಳುವಿನ ಔಷಧದಿಂದ ಪ್ರಯೋಜನವಿಲ್ಲ.