ಕಟಿಮೂಳೆಯ ಪೆಟ್ಟು: ಕಣ್ಣಿಗೆ ಕಾಣದ ರಕ್ತಸ್ರಾವ

ಬೈಕ್ ಅಪಘಾತದಲ್ಲಿ ಗಾಯಗೊಂಡವರನ್ನೋ, ಅಡಿಕೆ ಮರದಿಂದ ಬಿದ್ದವರನ್ನೋ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತಂದವರು ಎಷ್ಟೋ ಸಲ ಸಮಾಧಾನದಿಂದ ಹೇಳುವ ಮಾತೊಂದಿದೆ: "ಎಲ್ಲೂ ರಕ್ತ ಬಂದಿಲ್ಲ ಡಾಕ್ಟ್ರೇ, ಸೊಂಟ ಮಾತ್ರ ನೋವು ಅಂತಾರೆ." ಮೂಳೆ ತಜ್ಞನಾದ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಈ ಮಾತೇ.

ಎರಡೂ ಬದಿಯ ಕಟಿಮೂಳೆಗಳು ಹಿಂದೆ ಬೆನ್ನುಮೂಳೆಯ ಕೆಳತುದಿಯ ತ್ರಿಕಾಸ್ಥಿಯೊಂದಿಗೂ ಮುಂದೆ ಒಂದಕ್ಕೊಂದೂ ಕೂಡಿಕೊಂಡು ಗಟ್ಟಿಯಾದ ಉಂಗುರವಾಗಿರುತ್ತವೆ. ಮೂತ್ರಕೋಶ ಮತ್ತು ಗುದನಾಳ ಈ ಉಂಗುರದೊಳಗಿದ್ದು, ಅದರ ಒಳಮೈಗೆ ಅಂಟಿಕೊಂಡಂತೆ ತೆಳುಗೋಡೆಯ ಅಭಿಧಮನಿಗಳ ದಟ್ಟ ಜಾಲವಿದೆ. ಬಲವಾದ ಹೊಡೆತಕ್ಕೆ ಮುಂದಿನ ಸಂಧಿ ಕಿತ್ತು ಉಂಗುರವು ತೆರೆದ ಪುಸ್ತಕದಂತೆ ಅಗಲವಾದರೆ ಈ ಅಭಿಧಮನಿಗಳು ಹರಿಯುತ್ತವೆ, ಮುರಿದ ಮೂಳೆಯ ಮೈಯಿಂದಲೂ ರಕ್ತ ಒಸರುತ್ತದೆ. ವಯಸ್ಕರ ದೇಹದಲ್ಲಿರುವುದೇ ಸುಮಾರು 5 ಲೀಟರ್ ರಕ್ತ. ಚರ್ಮದ ಮೇಲೆ ಒಂದು ಹನಿಯೂ ಕಾಣದಂತೆ ಅದರ ಅರ್ಧದಷ್ಟು ಹೊಟ್ಟೆಯ ಹಿಂಬದಿಯಲ್ಲಿ ಶೇಖರವಾಗಬಲ್ಲದು. ಆದ್ದರಿಂದ ಮೊದಲ ಗಂಟೆಯಲ್ಲಿ ನಾವು ಚಿಕಿತ್ಸೆ ನೀಡುವುದು ಮುರಿತಕ್ಕಿಂತ ಹೆಚ್ಚಾಗಿ ರಕ್ತಸ್ರಾವಕ್ಕೆ.

ಸ್ಥಳದಲ್ಲಿದ್ದವರು ಗಾಯಾಳುವನ್ನು ಕೈಕಾಲು ಹಿಡಿದು ಎತ್ತಬಾರದು, ಎಬ್ಬಿಸಿ ನಿಲ್ಲಿಸಲು ನೋಡಬಾರದು, ಸೊಂಟವನ್ನು ಒತ್ತಿಯಾಗಲಿ ಅಲ್ಲಾಡಿಸಿಯಾಗಲಿ ಪರೀಕ್ಷಿಸಬಾರದು; ಪ್ರತಿ ಅಲುಗಾಟಕ್ಕೂ ಆಗಷ್ಟೇ ಹೆಪ್ಪುಗಟ್ಟಿದ ರಕ್ತ ಕಳಚಿಕೊಳ್ಳುತ್ತದೆ. ಮೊದಲು 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ತಡವಾಗುವ ಊರುಗಳಲ್ಲಿ ಒಂದು ಪಂಚೆ ಅಥವಾ ಹಾಸಿಗೆಯ ಹೊದಿಕೆಯೂ ಉಪಯೋಗಕ್ಕೆ ಬರುತ್ತದೆ. ಗಾಯಾಳುವಿನ ಜೇಬಿನಲ್ಲಿರುವ ಮೊಬೈಲ್, ಕೀಲಿಗಳನ್ನು ತೆಗೆದು, ಬಟ್ಟೆಯನ್ನು ಒಂದು ಗೇಣು ಅಗಲಕ್ಕೆ ಮಡಚಿ, ಮಂಡಿಯ ಕೆಳಗಿನ ಸಂದಿನಿಂದ ತೂರಿಸಿ ನಿಧಾನವಾಗಿ ಮೇಲಕ್ಕೆ ಸರಿಸಬೇಕು. ಅನೇಕರು ತಪ್ಪುವುದು ಕಟ್ಟುವ ಜಾಗದಲ್ಲಿ. ಬೆಲ್ಟ್ ಕಟ್ಟುವ ನಡುವಿಗೆ ಬಿಗಿದರೆ ಪ್ರಯೋಜನವಿಲ್ಲ. ತೊಡೆಯ ಮೇಲ್ತುದಿಯಲ್ಲಿ, ಹೊರಬದಿಗೆ ಕೈಗೆ ಸಿಗುವ ಮೂಳೆಯ ಉಬ್ಬಿನ ಮಟ್ಟದಲ್ಲಿ ಇಬ್ಬರು ಎದುರುಬದುರು ನಿಂತು ಎಳೆದು ಗಂಟು ಹಾಕಬೇಕು. ಪಾದಗಳನ್ನು ಜೋಡಿಸಿ ಕಟ್ಟಿದರೆ ಕಾಲುಗಳು ಹೊರಕ್ಕೆ ವಾಲುವುದು ತಪ್ಪುತ್ತದೆ. ನಾಟಿ ಚಿಕಿತ್ಸೆಯವರಲ್ಲಿ ಎಣ್ಣೆ ತಿಕ್ಕಿಸಿಕೊಂಡು ಬಂದವರನ್ನೂ ನಾನು ನೋಡಿದ್ದೇನೆ. ಈ ಗಾಯಕ್ಕೆ ತಿಕ್ಕುವುದು, ನೀವುವುದು ಪ್ರಾಣಾಪಾಯಕಾರಿ ಎಂಬುದನ್ನು ಒತ್ತಿ ಹೇಳಲೇಬೇಕು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಆಗುವವರೆಗೆ ಆ ಕಟ್ಟನ್ನು ಬಿಚ್ಚುವುದಿಲ್ಲ. ಜೊತೆಜೊತೆಗೇ ರಕ್ತ ಕೊಡಲಾಗುತ್ತದೆ. ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಗಾಯವಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ. ಮೂತ್ರದ್ವಾರದಲ್ಲಿ ರಕ್ತ ಕಂಡರೆ ಮೂತ್ರನಾಳ ಹರಿದಿರುವ ಸಾಧ್ಯತೆಯಿರುವುದರಿಂದ ಬಲವಂತವಾಗಿ ಕ್ಯಾಥೆಟರ್ (ಮೂತ್ರ ಹೊರಹರಿಸುವ ಕೊಳವೆ) ಹಾಕದೆ, ಮೊದಲು ಎಕ್ಸ್‌ರೇಯಲ್ಲಿ ಕಾಣುವಂಥ ದ್ರವವನ್ನು ಮೂತ್ರನಾಳಕ್ಕೆ ಬಿಟ್ಟು ಎಕ್ಸ್‌ರೇ ತೆಗೆಯಬೇಕಾಗುತ್ತದೆ. ಇಷ್ಟಾದರೂ ರಕ್ತದೊತ್ತಡ ಏರದಿದ್ದರೆ ಹೊರಗಿನಿಂದ ಸರಳು ಜೋಡಿಸಿ ಉಂಗುರವನ್ನು ಹಿಡಿದು ನಿಲ್ಲಿಸುವುದು, ಒಳಗೆ ಬಟ್ಟೆ ತುಂಬಿ ಒತ್ತುವುದು, ಅಪಧಮನಿ ಸೋರುತ್ತಿದ್ದರೆ ಅದನ್ನು ಒಳಗಿನಿಂದಲೇ ಮುಚ್ಚುವುದು ಮುಂದಿನ ದಾರಿ. ಪ್ಲೇಟು, ಸ್ಕ್ರೂ ಹಾಕುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ರೋಗಿ ಚೇತರಿಸಿಕೊಂಡ ಕೆಲವು ದಿನಗಳ ನಂತರ ನಡೆಯುತ್ತದೆ. "ಇನ್ನೂ ಆಪರೇಷನ್ ಯಾಕೆ ಮಾಡಿಲ್ಲ?" ಎಂದು ಮನೆಯವರು ಚಡಪಡಿಸುವುದು ಸಹಜ, ಆದರೆ ಆ ಕಾಯುವಿಕೆಯೂ ಚಿಕಿತ್ಸೆಯ ಭಾಗವೇ. ಮೂತ್ರ ವಿಸರ್ಜನೆಯ ಅಥವಾ ಲೈಂಗಿಕ ತೊಂದರೆಗಳು ಉಳಿದರೆ ಸಂಕೋಚಪಡದೆ ಹೇಳಬೇಕು. ಅವಕ್ಕೂ ಚಿಕಿತ್ಸೆ ಇದೆ.

ಬಚ್ಚಲಿನಲ್ಲಿ ಜಾರಿ ಬಿದ್ದ ಎಪ್ಪತ್ತು ದಾಟಿದ ಅಜ್ಜಿಯ ಕಟಿಮೂಳೆಯ ಬಿರುಕು ಬೇರೆಯದೇ ಸಮಸ್ಯೆ. ಅಲ್ಲಿ ಉಂಗುರ ಸಾಮಾನ್ಯವಾಗಿ ತೆರೆದುಕೊಂಡಿರುವುದಿಲ್ಲ, ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯೂ ಬೇಡ. ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಕಾಲೂರಲಾಗದಷ್ಟು ನೋವಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಮಾಡಿಸಬೇಕು, ಏಕೆಂದರೆ ತ್ರಿಕಾಸ್ಥಿಯ ಬಿರುಕು ಎಕ್ಸ್‌ರೇಯಲ್ಲಿ ಸುಲಭವಾಗಿ ಮರೆಯಾಗುತ್ತದೆ. ಮಕ್ಕಳು ಪ್ರೀತಿಯಿಂದಲೇ "ಮೂರು ತಿಂಗಳು ಏಳಬೇಡಮ್ಮ" ಎಂದು ಮಲಗಿಸಿಬಿಡುತ್ತಾರೆ. ಇದರಿಂದ ಬರುವ ಬೆನ್ನಿನ ಹುಣ್ಣು, ನ್ಯುಮೋನಿಯಾ, ಕಾಲಿನ ನಾಳಗಳಲ್ಲಿ ಕಟ್ಟುವ ರಕ್ತದ ಗಡ್ಡೆಗಳು ಆ ಬಿರುಕಿಗಿಂತ ಹೆಚ್ಚು ಅಪಾಯಕಾರಿ. ಮುರಿತ ಸ್ಥಿರವಾಗಿದೆಯೆಂದು ವೈದ್ಯರು ಖಚಿತಪಡಿಸಿದ ಮೇಲೆ, ನೋವಿಗೆ ಸಾಕಷ್ಟು ಔಷಧಿ ಕೊಟ್ಟು, ಕೆಲವೇ ದಿನಗಳಲ್ಲಿ ವಾಕರ್ ಹಿಡಿಸಿ ನಡೆಸಲು ಆರಂಭಿಸಬೇಕು. ಬಿರುಕು ಕೂಡಿದೊಡನೆ ಚಿಕಿತ್ಸೆ ಮುಗಿಯುವುದೂ ಇಲ್ಲ: ಇಷ್ಟು ಸಣ್ಣ ಬೀಳುವಿಕೆಗೆ ಮೂಳೆ ಮುರಿದಿದೆಯೆಂದರೆ ಅದು ಸವೆದಿದೆಯೆಂದೇ ಅರ್ಥ, ಹಾಗಾಗಿ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ ಮೂಳೆ ಸವೆತಕ್ಕೆ ಚಿಕಿತ್ಸೆಯನ್ನು ಅದೇ ಭೇಟಿಯಲ್ಲಿ ಕೇಳಿ ಆರಂಭಿಸಿಕೊಳ್ಳಬೇಕು.