ಕಣಿವೆ ಕಿರಿದಾಗುವ ಮೊದಲೇ ತಿರುಗಬೇಕು

ಬೆಟ್ಟಗಳ ನಡುವೆ ಸಣ್ಣ ವಿಮಾನ ಬಿದ್ದ ಸುದ್ದಿ ಬಂದಾಗಲೆಲ್ಲ ಜನ ವಿಮಾನ ಹಾರಿಸಲು ಕಲಿಸುವ ನನ್ನನ್ನು ಮೊದಲು ಕೇಳುವುದು, ‘ಎಂಜಿನ್ ಕೈಕೊಟ್ಟಿತಾ?’ ಅಂತ. ಎಷ್ಟೋ ಅಪಘಾತಗಳಲ್ಲಿ ಎಂಜಿನ್ ಕೊನೆಯ ಕ್ಷಣದವರೆಗೂ ಚೆನ್ನಾಗಿಯೇ ಓಡುತ್ತಿರುತ್ತದೆ. ಎಂಜಿನ್ ಶಕ್ತಿ ಹೆಚ್ಚಿಸುವ ಥ್ರಾಟಲ್ ಪೂರ್ತಿ ತೆರೆದಿರುತ್ತದೆ. ಆದರೆ ವಿಮಾನ ಏರುವುದಕ್ಕಿಂತ ಬೇಗ ಕಣಿವೆಯ ನೆಲವೇ ಏರಿಬರುತ್ತಿರುತ್ತದೆ.

8,000 ಅಡಿ ಎತ್ತರದಲ್ಲಿ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ಗಾಳಿ ಎಷ್ಟು ತೆಳುವಾಗಿರುತ್ತದೆಂದರೆ, ವಿಮಾನದ ಪಾಲಿಗೆ ಅದು ಸುಮಾರು 11,500 ಅಡಿಯಲ್ಲಿ ಹಾರಿದಂತೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಅಲ್ಲಿ ನಿಮಿಷಕ್ಕೆ 200 ಅಡಿ ಏರಿದರೆ ಪುಣ್ಯ. 90 ನಾಟ್ (ಗಂಟೆಗೆ ಸುಮಾರು 167 ಕಿಲೋಮೀಟರ್) ವೇಗದಲ್ಲಿ ಲೆಕ್ಕ ಹಾಕಿ: ಮುಂದೆ ಸಾಗಿದ ಪ್ರತಿ ಕಿಲೋಮೀಟರಿಗೆ ದಕ್ಕುವುದು ಬರೀ 70 ಅಡಿ ಎತ್ತರ. ಕಿಲೋಮೀಟರಿಗೆ 100 ಅಡಿ ಏರುವ ಕಣಿವೆ ಮೇಲಿನಿಂದ ನೋಡಿದರೆ ಸಪಾಟಾಗಿಯೇ ಕಾಣುತ್ತದೆ. ಭಯ ಹುಟ್ಟಿಸುವುದು ಇದೇ.

ಒಮ್ಮೆ ಇಂಥದೇ ಕಣಿವೆಯಲ್ಲಿ ಒಬ್ಬ ಶಿಷ್ಯ ಹಾರಿಸುತ್ತಿದ್ದ. ಅವನ ಕಣ್ಣೆಲ್ಲ ಮುಂದಿನ ಮರಗಳ ಸಾಲಿನ ಮೇಲೆ. ಏರುತ್ತ ಹೋಗುವ ಆ ಸಾಲನ್ನೇ ಅವನ ಕಣ್ಣು ದಿಗಂತವೆಂದು ನಂಬಿತ್ತು. ಅದಕ್ಕೆ ಸರಿಯಾಗಿ ಕೈ ತಾನಾಗಿ ವಿಮಾನದ ಮೂತಿ ಎತ್ತುತ್ತಿತ್ತು. ವೇಗದ ಮುಳ್ಳು 90ರಿಂದ 84ಕ್ಕೆ, ಆಮೇಲೆ 76ಕ್ಕೆ ಇಳಿಯಿತು. ನಾನು ಆ ಮಾಪಕದ ಗಾಜನ್ನು ಬೆರಳಿನಿಂದ ತಟ್ಟಿದೆ. ‘ಸರ್, ನಾನು ಏನೂ ಎಳೆದೇ ಇಲ್ಲವಲ್ಲ’ ಅಂದ. ಸುಳ್ಳಲ್ಲ, ಅವನಿಗೆ ನಿಜಕ್ಕೂ ಗೊತ್ತಾಗಿರಲಿಲ್ಲ. ತಕ್ಷಣ ವಿಮಾನವನ್ನು ನಾನು ತೆಗೆದುಕೊಂಡು ತಿರುಗಿಸಿದೆ. ಜಾಗ ಇನ್ನೂ ಸಾಕಷ್ಟಿತ್ತು.

ಜಾಗ ಇಲ್ಲದಿದ್ದರೆ? 90 ನಾಟ್ ನಿಜವೇಗದಲ್ಲಿ (ಗಾಳಿಯ ಮೂಲಕ ವಿಮಾನ ನಿಜಕ್ಕೂ ಸಾಗುವ ವೇಗ) 30 ಡಿಗ್ರಿ ವಾಲಿಸಿ ಪೂರ್ತಿ ಹಿಂದಿರುಗಲು ಸುಮಾರು 750 ಮೀಟರ್ ಅಗಲ ಬೇಕು. 110 ನಾಟ್ ಆದರೆ 1,100 ಮೀಟರ್ ಮೀರುತ್ತದೆ. ಬಂಡೆ ಹತ್ತಿರ ಬಂತೆಂದು ಗಾಬರಿಯಿಂದ 60 ಡಿಗ್ರಿ ವಾಲಿಸಿ ಎತ್ತರ ಬಿಡದೆ ತಿರುಗಿಸಿದರೆ ರೆಕ್ಕೆಗಳ ಮೇಲೆ ಎರಡು ಪಟ್ಟು ಭಾರ ಬೀಳುತ್ತದೆ, ಸ್ಟಾಲ್ ಆಗುವ, ಅಂದರೆ ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯಲಾಗದೆ ಸೋಲುವ ವೇಗ ಶೇ 41ರಷ್ಟು ಹೆಚ್ಚುತ್ತದೆ. 50 ನಾಟ್‌ನಲ್ಲಿ ಸ್ಟಾಲ್ ಆಗುವ ವಿಮಾನ 70ರಲ್ಲೇ ಸ್ಟಾಲ್ ಆಗುತ್ತದೆ. ನನ್ನ ಶಿಷ್ಯನ ಮುಳ್ಳು 76ರಲ್ಲಿತ್ತು ಅನ್ನುವುದನ್ನು ನಾನು ಇವತ್ತಿಗೂ ಮರೆತಿಲ್ಲ.

1970ರ ಅಕ್ಟೋಬರ್ 2ರಂದು ಅಮೆರಿಕದ ಕೊಲರಾಡೋದಲ್ಲಿ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡವನ್ನು ಹೊತ್ತಿದ್ದ ಮಾರ್ಟಿನ್ 4-0-4 ಬಿದ್ದದ್ದೂ ಹೀಗೆಯೇ. ಅದು ಎರಡು ಎಂಜಿನ್‌ಗಳ ದೊಡ್ಡ ವಿಮಾನ. ಪ್ರಯಾಣಿಕರಿಗೆ ಬೆಟ್ಟದ ನೋಟ ಸಿಗಲೆಂದು ಕಣಿವೆಯ ದಾರಿ ಹಿಡಿದಿದ್ದರು. ಭಾರವೂ ಮಿತಿಗಿಂತ ಹೆಚ್ಚಿತ್ತು. ಎದುರಿನ ಬೆಟ್ಟ ದಾಟುವಷ್ಟು ಏರಲೂ ಆಗದ, ಹಿಂದಿರುಗಲೂ ಆಗದ ಎತ್ತರದಲ್ಲಿ ಅದು ಹಾರುತ್ತಿತ್ತೆಂದು ತನಿಖೆ ಹೇಳಿತು. 40 ಜನರಲ್ಲಿ 31 ಮಂದಿ ಸತ್ತರು. ವರದಿಯ ಆ ಮಾತನ್ನು ನಾನು ಶಿಷ್ಯರ ಪ್ರತಿ ತಂಡಕ್ಕೂ ಓದಿಹೇಳುತ್ತೇನೆ.

ಗಾಳಿಯ ಆಟ ಬೇರೆಯೇ ಇದೆ. ಬೆಟ್ಟದ ಏಣನ್ನು ದಾಟಿದ ಗಾಳಿ ಆಚೆ ಮಗ್ಗುಲಲ್ಲಿ ಧುಮ್ಮಿಕ್ಕುತ್ತದೆ. ಅದು ಇಳಿಯುವ ವೇಗ ನಮ್ಮ ವಿಮಾನ ಏರುವ ವೇಗವನ್ನು ಸುಲಭವಾಗಿ ಮೀರಿಸುತ್ತದೆ. ಅದಕ್ಕೇ ಏಣನ್ನು ನೇರ ದಾಟದೆ 45 ಡಿಗ್ರಿ ಓರೆಯಲ್ಲಿ ಹೋಗುವುದು. ಕೆಳಕ್ಕೆ ಎಳೆದರೆ ಸ್ವಲ್ಪವೇ ತಿರುಗಿ ಪಾರಾಗಬಹುದು. ಶಿಖರದ ಮಟ್ಟದಲ್ಲಿ ಗಾಳಿ 25 ನಾಟ್ ಇದ್ದರೆ ನಾನು ಶಿಷ್ಯರನ್ನು ಆ ಕಡೆ ಕರೆದೊಯ್ಯುವುದೇ ಇಲ್ಲ.

ಕಣಿವೆಯ ನಡುಮಧ್ಯದಲ್ಲಿ ಹಾರುವುದು ಸುರಕ್ಷಿತ ಅನ್ನಿಸುತ್ತದೆ. ಆದರೆ ಆಗ ತಿರುಗಲು ಅರ್ಧ ಅಗಲವಷ್ಟೇ ಉಳಿದಿರುತ್ತದೆ. ಒಂದು ಮಗ್ಗುಲಿಗೆ ಸರಿದು ಹಾರಿದರೆ ಇಡೀ ಅಗಲ ನಮ್ಮದು. ಗಾಳಿಗೆ ಎದುರಾಗಿ ತಿರುಗುವಂಥ ಮಗ್ಗುಲನ್ನೇ ಹಿಡಿಯಬೇಕು.

ಈಗೆಲ್ಲ ಹೊರಡುವ ಮುನ್ನ ಶಿಷ್ಯರ ಕೈಲೇ ನಕ್ಷೆಯ ಮೇಲೆ ಕಣಿವೆಗೆ ಅಡ್ಡಲಾಗಿ ಪೆನ್ಸಿಲ್ ಗೆರೆ ಎಳೆಸುತ್ತೇನೆ. ಪಕ್ಕದಲ್ಲಿ ಒಂದು ಎತ್ತರ ಬರೆಸುತ್ತೇನೆ. ಆ ಗೆರೆ ಮುಟ್ಟಿದಾಗ ಅಷ್ಟು ಎತ್ತರ ಇಲ್ಲದಿದ್ದರೆ, ಮುಂದೆ ಎಷ್ಟೇ ತೆರವಾಗಿ ಕಂಡರೂ, ಅಲ್ಲಿಂದಲೇ ವಾಪಸ್.