ಕ್ಯಾಸೆಟ್ ಹೋಯಿತು, ಹಾಡು ಏಕೆ ಹೋಗಲಿಲ್ಲ?

ಪ್ರಶ್ನೆ: ನನಗೆ ಐವತ್ತು ದಾಟಿದೆ. ‘ಪ್ರೇಮಲೋಕ’ದ ಹಾಡು ಎಲ್ಲೇ ಕೇಳಿಸಿದರೂ ಪಲ್ಲವಿಯಿಂದ ಕೊನೆಯ ಚರಣದವರೆಗೆ, ನಡುವಿನ ವಾದ್ಯದ ತುಣುಕನ್ನೂ ಬಿಡದೆ ಗುನುಗುತ್ತೇನೆ. ಕಳೆದ ವಾರ ಮಗ ಕೇಳಿಸಿದ ಹಾಡಿನ ಒಂದು ಸಾಲೂ ನೆನಪಿಲ್ಲ. ಆಗಿನ ಹಾಡುಗಳೇ ಚೆನ್ನಾಗಿದ್ದವೋ, ನನಗೇ ವಯಸ್ಸಾಯಿತೋ?

ಉತ್ತರ: ವಯಸ್ಸಾಗಿದೆ ಎಂದು ನೀವೇ ಬರೆದಿದ್ದೀರಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾಡು ಬಾಯಿಗೆ ಹತ್ತದಿರುವುದಕ್ಕೆ ಅದೊಂದೇ ಕಾರಣವೆಂದು ಕೊರಗಬೇಡಿ. ನಿಮ್ಮ ಹದಿನಾರನೆಯ ವಯಸ್ಸು ಆ ಹಾಡುಗಳಿಗೆ ಕೊಟ್ಟಷ್ಟು ಜಾಗವನ್ನು ಮುಂದೆ ಯಾವ ವಯಸ್ಸೂ ಯಾವ ಹಾಡಿಗೂ ಕೊಡುವುದಿಲ್ಲ.

ಯಾರನ್ನಾದರೂ ಕೂರಿಸಿಕೊಂಡು ಬದುಕಿನ ಮುಖ್ಯ ನೆನಪುಗಳನ್ನು ಹೇಳಿ ಎಂದರೆ, ಅವರು ಎಂಬತ್ತರವರಾದರೂ ಸರಿ, ಹತ್ತರಿಂದ ಮೂವತ್ತರ ನಡುವಿನ ವರ್ಷಗಳದ್ದೇ ಹೆಚ್ಚು ಹೇಳುತ್ತಾರೆ. ವಯಸ್ಸಿಗೆ ತಕ್ಕಂತೆ ನೆನಪುಗಳನ್ನು ಎಣಿಸಿ ಗೆರೆ ಎಳೆದರೆ ಅಲ್ಲೊಂದು ಉಬ್ಬು ಕಾಣುತ್ತದೆ. ಮನಶ್ಶಾಸ್ತ್ರದವರಿಗೆ ಇದು ಹಳೆಯ ವಿಷಯ. ನಾವು ಅದನ್ನು ನೆನಪಿನ ದಿಬ್ಬ ಎಂದು ಕರೆಯೋಣ. ಕಾರಣ ಊಹಿಸುವುದು ಕಷ್ಟವಲ್ಲ: ಮೊದಲ ಸಲದ ಸಂಗತಿಗಳೆಲ್ಲ ಅಲ್ಲೇ ಗುಂಪಾಗಿರುತ್ತವೆ. ಮನೆಯವರಿಲ್ಲದೆ ಹೋದ ಮೊದಲ ಸಿನಿಮಾ, ಊರು ಬಿಟ್ಟು ಹಾಸ್ಟೆಲಿನಲ್ಲಿ ಕಳೆದ ಮೊದಲ ರಾತ್ರಿ, ಯಾರಿಗೂ ಹೇಳಲಾಗದ ಮೊದಲ ಒಲವು. ನಾನು ಇಂಥವನು, ಇಂಥವಳು ಎಂದು ಮನಸ್ಸು ತೀರ್ಮಾನಿಸಿಕೊಳ್ಳುವುದೂ ಆಗಲೇ. ಹಿನ್ನೆಲೆಯಲ್ಲಿ ಯಾವ ಹಾಡು ಕೇಳಿಸುತ್ತಿತ್ತೋ ಅದೂ ಆ ತೀರ್ಮಾನದೊಳಗೆ ಸೇರಿಹೋಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದಲ್ಲಿ ಪೀಟರ್ ಜನಾಟಾ ಎಂಬ ವಿಜ್ಞಾನಿ ವಿದ್ಯಾರ್ಥಿಗಳನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅವರ ಬಾಲ್ಯ ಮತ್ತು ಹದಿಹರೆಯದ ಕಾಲದ ಜನಪ್ರಿಯ ಹಾಡುಗಳ ತುಣುಕುಗಳನ್ನು ಕೇಳಿಸಿದರು. ನೆನಪು ಕೆದಕಿದ ಹಾಡು ಬಂದಾಗ ಹಣೆಯ ಹಿಂಬದಿಯಲ್ಲಿರುವ ಮಿದುಳಿನ ಒಂದು ಭಾಗ ಚುರುಕಾಯಿತು. ನಾವು ನಮ್ಮ ಬಗ್ಗೆಯೇ ಯೋಚಿಸುವಾಗ ಕೆಲಸ ಮಾಡುವ ಭಾಗವೂ ಅದೇ. 2009ರಲ್ಲಿ ಪ್ರಕಟವಾದ ಈ ಅಧ್ಯಯನ ಚಿಕ್ಕದು, ಹದಿಮೂರು ಜನರದ್ದು. ಆದರೂ ಬಸ್ಸಿನಲ್ಲಿ ಹಳೆಯ ಹಾಡೊಂದು ಬಂದಾಗ ಕಿಟಕಿಯ ಕಡೆ ತಿರುಗಿ ಕೂತವರಿಗೆ ಅದು ಹೇಳುತ್ತಿರುವುದು ಏನೆಂದು ಗೊತ್ತಾಗುತ್ತದೆ.

ಇಷ್ಟು ವಿಜ್ಞಾನ. ನಮ್ಮ ತಲೆಮಾರಿನ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಬಡತನ ಎಂದು ನನಗನ್ನಿಸುತ್ತದೆ. ಹಾಡುಗಳ ಬಡತನ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಎದುರು ಮನೆಯಲ್ಲಿತ್ತು. ಅವರು ಕಿಟಕಿ ತೆರೆದರೆ ನಮಗೆ ಹಾಡು, ಮುಚ್ಚಿದರೆ ಇಲ್ಲ. ಎರಡು ವರ್ಷದ ಮೇಲೆ ನಮಗೂ ಒಂದು ಟೇಪ್ ರೆಕಾರ್ಡರ್ ಬಂತು, ಅದರ ಜೊತೆಗೆ ಬಂದ ಕ್ಯಾಸೆಟ್ಟುಗಳು ಮೂರೇ. ಹೊಸದು ಕೊಳ್ಳುವುದೆಂದರೆ ಹಬ್ಬ ಬರಬೇಕು. ಹೀಗಾಗಿ ಅದೇ ಮೂರನ್ನು ತಿರುಗಿಸಿ ತಿರುಗಿಸಿ ಹಾಕಿದೆವು. ಸುರುಳಿ ಸಡಿಲವಾದರೆ ಪೆನ್ಸಿಲ್ ತೂರಿಸಿ ಸುತ್ತಿದೆವು. ಅಂಗಡಿಗೆ ಖಾಲಿ ಕ್ಯಾಸೆಟ್ ಮತ್ತು ಹಾಡುಗಳ ಚೀಟಿ ಕೊಟ್ಟು ತುಂಬಿಸಿಕೊಳ್ಳುವ ವ್ಯವಸ್ಥೆಯೂ ಇತ್ತು. ಕಾನೂನಿನ ಮಾತು ಆಗ ಯಾರ ತಲೆಗೂ ಬರಲಿಲ್ಲ. ಒಂದು ಸಲ ನಾನು ರೇಡಿಯೋದಿಂದ ಹಾಡು ಹಿಡಿಯುವ ಆತುರದಲ್ಲಿ ಅಕ್ಕನ ಭಾವಗೀತೆಯ ಕ್ಯಾಸೆಟ್ಟಿನ ಮೇಲೆಯೇ ಒತ್ತಿಬಿಟ್ಟೆ. ಅಳಿಸಿಹೋಗದಂತೆ ಅದರ ನೆತ್ತಿಯ ಪುಟ್ಟ ಪ್ಲಾಸ್ಟಿಕ್ ಹಲ್ಲನ್ನು ಮುರಿದಿಟ್ಟಿದ್ದಳು. ಆ ತೂತಿಗೆ ಅಂಟುಪಟ್ಟಿ ಹಚ್ಚಿದವನು ನಾನೇ, ಆದ್ದರಿಂದ ಗೊತ್ತಿಲ್ಲದೆ ಆಯಿತು ಎನ್ನುವ ದಾರಿಯೂ ಉಳಿಯಲಿಲ್ಲ.

ಆಕಾಶವಾಣಿಯ ಕೋರಿಕೆ ಕಾರ್ಯಕ್ರಮದ ಕಾಯುವಿಕೆ ಇನ್ನೊಂದು ಬಗೆಯದು. ಊರಿನ ಹೆಸರು, ಕೇಳಿದವರ ಹೆಸರು, ಅವರ ಮನೆಯವರ ಹೆಸರುಗಳ ಮೆರವಣಿಗೆ ಮುಗಿದ ಮೇಲೆ ಹಾಡು. ಅಷ್ಟರಲ್ಲಿ ಕರೆಂಟು ಹೋಗದಿರಲಿ ಎಂದು ಬೇಡಿಕೊಳ್ಳಬೇಕು. ಹಾಡಿನ ಸಂತೋಷ ಕೇಳುವಾಗ ಮಾತ್ರ ಇರುವುದಿಲ್ಲ, ಇಷ್ಟದ ಜಾಗ ಇನ್ನೇನು ಬರುತ್ತದೆ ಎಂದು ಕಾಯುವಾಗಲೂ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ ಎಂದು ಮಾಂಟ್ರಿಯಲ್‌ನ ಸಂಶೋಧಕರು 2011ರಲ್ಲಿ ತೋರಿಸಿದ್ದಾರೆ. ಅವರು ಲೆಕ್ಕ ಹಾಕಿದ್ದು ಹಾಡಿನೊಳಗಿನ ಕೆಲವು ಕ್ಷಣಗಳ ಕಾಯುವಿಕೆಯನ್ನು. ನಮ್ಮದು ಒಂದು ಹಬ್ಬದಿಂದ ಇನ್ನೊಂದು ಹಬ್ಬದವರೆಗಿನದು.

ಒಂದು ಪರೀಕ್ಷೆ ಮಾಡಿ ನೋಡಿ. ನೀವು ಸವೆಸಿದ ಕ್ಯಾಸೆಟ್ಟಿನ ಯಾವುದಾದರೂ ಹಾಡನ್ನು ಈಗ ಮೊಬೈಲಿನಲ್ಲಿ ಕೇಳಿ. ಅದು ಮುಗಿಯುತ್ತಿದ್ದಂತೆ ಆ ಕ್ಯಾಸೆಟ್ಟಿನ ಮುಂದಿನ ಹಾಡು ತಾನಾಗಿಯೇ ತಲೆಯಲ್ಲಿ ಶುರುವಾಗುತ್ತದೆ. ನನಗಂತೂ ಒಂದು ಹಾಡಿನ ಎರಡನೆಯ ಚರಣದಲ್ಲಿ ನಮ್ಮ ಟೇಪು ಸಿಕ್ಕಿಕೊಂಡು ಮುಗ್ಗರಿಸುತ್ತಿದ್ದ ಜಾಗ ಇಂದಿಗೂ ಕೇಳಿಸುತ್ತದೆ. ಮೊಬೈಲಿನಲ್ಲಿ ಆ ಮುಗ್ಗರಿಕೆ ಇಲ್ಲದಿದ್ದಾಗ ಏನೋ ಕಳೆದುಹೋದಂತಾಗುತ್ತದೆ.

ಇನ್ನು, ಆಗಿನ ಹಾಡುಗಳೇ ಚೆನ್ನಾಗಿದ್ದವೇ? ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ಹಾಲ್‌ಬ್ರುಕ್ ಮತ್ತು ಶಿಂಡ್ಲರ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ಬೇರೆ ಬೇರೆ ದಶಕಗಳ 28 ಹಾಡುಗಳನ್ನು ಬೇರೆ ಬೇರೆ ವಯಸ್ಸಿನವರಿಗೆ ಕೇಳಿಸಿ ಅಂಕ ಕೊಡಿಸಿದರು. 1989ರಲ್ಲಿ ಬಂದ ಅವರ ಫಲಿತಾಂಶದ ಪ್ರಕಾರ ಜನರ ಮೆಚ್ಚುಗೆ ತುದಿ ಮುಟ್ಟುವುದು ತಮಗೆ ಸುಮಾರು 24 ವರ್ಷವಾಗಿದ್ದಾಗ ಬಂದ ಹಾಡುಗಳ ಬಗ್ಗೆ. ಅಂದರೆ ಹಾಡು ಯಾವ ದಶಕದ್ದು ಎಂಬುದಕ್ಕಿಂತ, ಆಗ ಕೇಳುಗನ ವಯಸ್ಸು ಎಷ್ಟು ಎಂಬುದು ಹೆಚ್ಚು ಹೇಳುತ್ತದೆ.

ನಮ್ಮಲ್ಲೇ ನೋಡಿ. 1972ರ ‘ನಾಗರಹಾವು’ ಕಾಲದಲ್ಲಿ ಪ್ರಾಯದಲ್ಲಿದ್ದವರಿಗೆ ವಿಜಯಭಾಸ್ಕರ್ ಸಂಗೀತವೆಂದರೆ ಸಂಗೀತ. ಹಂಸಲೇಖ ಬಂದು ಮಾತಾಡುವ ಕನ್ನಡವನ್ನೇ ಹಾಡಿಗೆ ಇಳಿಸಿದಾಗ ನಮ್ಮ ತಂದೆ ‘ಇದೇನು ಸಾಹಿತ್ಯವೋ’ ಎಂದು ಎದ್ದು ಹೋಗುತ್ತಿದ್ದರು. 2006ರ ಕೊನೆಯಲ್ಲಿ ‘ಮುಂಗಾರು ಮಳೆ’ ಬಿಡುಗಡೆಯಾಯಿತು. ಮನೋಮೂರ್ತಿ ಸಂಗೀತಕ್ಕೆ ಜಯಂತ ಕಾಯ್ಕಿಣಿ ಬರೆದ ಹಾಡನ್ನು ಸೋನು ನಿಗಮ್ ಹಾಡಿದಾಗ, ತಲೆ ಅಲ್ಲಾಡಿಸುವ ಸರದಿ ನನ್ನ ವಯಸ್ಸಿನ ಕೆಲವರದಾಗಿತ್ತು. ಆ ಮಳೆಯಲ್ಲಿ ನೆನೆದ ಮಕ್ಕಳು ಈಗ ಮೂವತ್ತು ದಾಟಿದ್ದಾರೆ, ಈಗಿನ ಹಾಡುಗಳಲ್ಲಿ ಮಾಧುರ್ಯವಿಲ್ಲ ಎನ್ನುತ್ತಿದ್ದಾರೆ.

ಜೊತೆಗೆ, ಎಂಬತ್ತರ ದಶಕದ ಕೆಟ್ಟ ಹಾಡುಗಳು ಎಲ್ಲಿ ಹೋದವು? ಬೇಕಾದಷ್ಟು ಬಂದಿದ್ದವು. ಕಾಲ ಅವನ್ನು ಜರಡಿ ಹಿಡಿದಿದೆ. ಉಳಿದ ಗಟ್ಟಿ ಕಾಳನ್ನು ಕೈಯಲ್ಲಿ ಹಿಡಿದುಕೊಂಡು, ಇನ್ನೂ ಜರಡಿಗೆ ಬೀಳದ ಈ ವರ್ಷದ ರಾಶಿಯ ಜೊತೆ ಹೋಲಿಸುವುದು ನ್ಯಾಯವಲ್ಲ. ಹಾಗೆಂದು ಎಲ್ಲವೂ ವಯಸ್ಸಿನ ಭ್ರಮೆ ಎಂದೂ ನಾನು ಒಪ್ಪುವುದಿಲ್ಲ. ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್‌. ಜಾನಕಿ ಒಟ್ಟಿಗೆ ಹಾಡಿದಾಗ ಒಬ್ಬರ ಉಸಿರಿಗೆ ಇನ್ನೊಬ್ಬರು ಕಿವಿಗೊಡುತ್ತಿದ್ದುದು ಕೇಳಿಸುತ್ತದೆ. ನನ್ನ ಹದಿಹರೆಯಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಮಗನ ಬಗ್ಗೆ ಒಂದು ಒಳ್ಳೆಯ ಸುದ್ದಿಯಿದೆ. ಅಮೆರಿಕದ ಯುವಕರನ್ನು ಪರೀಕ್ಷಿಸಿದ 2013ರ ಒಂದು ಅಧ್ಯಯನದಲ್ಲಿ, ಅವರು ತಮ್ಮ ಕಾಲದ ಹಾಡುಗಳ ಜೊತೆಗೆ ಅಪ್ಪ ಅಮ್ಮ ಯೌವನದಲ್ಲಿದ್ದಾಗಿನ ಹಾಡುಗಳಿಗೂ ವಿಶೇಷವಾಗಿ ಸ್ಪಂದಿಸಿದರು. ಮನೆಯಲ್ಲಿ, ಕಾರಿನಲ್ಲಿ ಕೇಳಿ ಕೇಳಿ ಅವು ಅಂಟಿಕೊಂಡಿದ್ದಿರಬೇಕು. ನಿಮ್ಮ ಗುನುಗು ಈಗಾಗಲೇ ಅವನ ಕಿವಿಯೊಳಗೆ ಇಳಿದಿರುವ ಸಾಧ್ಯತೆ ಹೆಚ್ಚು. ಒಪ್ಪಿಕೊಳ್ಳುವುದಕ್ಕೆ ಅವನಿಗೆ ನಲವತ್ತಾಗಬೇಕು, ಅಷ್ಟೇ.

ಅವನ ಹಾಡು ನಿಮಗೆ ಹಿಡಿಸಬೇಕೆಂದಿದ್ದರೆ ಉಪಾಯ ಸರಳ: ಹೆಚ್ಚು ಸಲ ಕೇಳಿ. ಪರಿಚಯವೇ ಅರ್ಧ ಇಷ್ಟ ಎಂದು ರಾಬರ್ಟ್ ಜಾಯೊನ್ಸ್ ಎಂಬ ಮನಶ್ಶಾಸ್ತ್ರಜ್ಞರ 1968ರ ಪ್ರಬಂಧದ ಸಾರವನ್ನು ಹೇಳಬಹುದು. ಒಂದೇ ಸಲ ಕೇಳಿ ತೀರ್ಪು ಕೊಡುವ ಸೌಭಾಗ್ಯ ನಮಗೆ 1987ರಲ್ಲಿ ಇರಲಿಲ್ಲ, ಎದುರು ಮನೆಯವರು ಬೇಕೋ ಬೇಡವೋ ಎಂದು ಕೇಳದೆ ಮತ್ತೆ ಮತ್ತೆ ಹಾಕುತ್ತಿದ್ದರು. ನಾನು ಮಗಳ ಇಷ್ಟದ ಒಂದು ಹಾಡನ್ನು ಎರಡು ವಾರ ಪಾತ್ರೆ ತೊಳೆಯುವಾಗ ಹಾಕಿಕೊಂಡೆ. ಮೊದಲ ಮೂರು ದಿನ ಕಿರಿಕಿರಿ. ಹತ್ತನೆಯ ದಿನ ಕುಕ್ಕರಿನ ಮುಚ್ಚಳದ ಮೇಲೆ ಬೆರಳು ತಾಳ ಹಾಕುತ್ತಿತ್ತು. ಈಗ ಪಲ್ಲವಿ ಪೂರ್ತಿ ಬರುತ್ತದೆ. ಹಾಡು ಮುಗಿದಾಗ ಮಾತ್ರ ಕಿವಿ ಕಾಯುತ್ತದೆ, ಮುಂದಿನದು ಯಾವುದೆಂದು ಅದಕ್ಕೆ ಗೊತ್ತಾಗುವುದಿಲ್ಲ. ಮೊಬೈಲು ದಿನಕ್ಕೊಂದು ಹಾಡು ಬದಲಿಸುತ್ತದೆ.